ಮೈಸೂರಿನ ಅಳಿಸಲಾಗದ ಶಾಯಿ: ಕಾಂಬೋಡಿಯಾದ ಮತಗಟ್ಟೆಯಲ್ಲಿಟ್ಟು ನೋಡಿದ ಒಂದು ವಿಮರ್ಶೆ

ಅಂಗಡಿಯಲ್ಲಿ ಸಿಗದ, ಜಾಹೀರಾತಿನಲ್ಲಿ ಕಾಣದ, ಆದರೂ ಈ ದೇಶದಲ್ಲಿ ಮತ ಹಾಕಿದ ಬಹುತೇಕ ಎಲ್ಲರ ಬೆರಳಿಗೂ ಹತ್ತಿರುವ ವಸ್ತುವೊಂದಿದ್ದರೆ ಅದು ಮೈಸೂರಿನ ಅಳಿಸಲಾಗದ ಶಾಯಿ. ಪೆನ್ನಿನಿಂದ ಹಿಡಿದು ಪ್ರೆಷರ್ ಕುಕ್ಕರಿನವರೆಗೆ ಎಲ್ಲದಕ್ಕೂ ವಿಮರ್ಶೆ ಬರೆಯುವ ನಾವು ಈ ಪುಟ್ಟ ಸೀಸೆಯನ್ನು ಬಿಟ್ಟುಬಿಟ್ಟಿರುವುದಕ್ಕೆ ಅದನ್ನು ನಾವು ದುಡ್ಡು ಕೊಟ್ಟು ಕೊಳ್ಳುವುದಿಲ್ಲ ಎಂಬುದೇ ಕಾರಣವಿರಬೇಕು, ಬಳಕೆದಾರರಂತೂ ನಾವೇ. ಬೆರಳಿನ ಮೇಲೆ ಅದು ಎಷ್ಟು ಕಾಲ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಹಾಗೆ ನಿಂತು ಅದು ಯಾರ ಕೆಲಸ ಮಾಡಿಕೊಡುತ್ತದೆ ಎಂದು ತಿಳಿಯಬೇಕಾದರೆ ಮಾತ್ರ ಶಾಯಿಯನ್ನು ಬಿಟ್ಟು ಚುನಾವಣೆಯ ಕಡೆಗೆ ನೋಡಬೇಕಾಗುತ್ತದೆ. ಅಂಥ ಪರೀಕ್ಷೆಗೆ ಕಾಂಬೋಡಿಯಾದ 2018ರ ಸಂಸತ್ ಚುನಾವಣೆಗಿಂತ ಕಠಿಣವಾದ ಜಾಗ ನನಗೆ ತೋಚುತ್ತಿಲ್ಲ. ಆಡಳಿತ ಪಕ್ಷವು 125 ಸ್ಥಾನಗಳಲ್ಲಿ 125ನ್ನೂ ಗೆದ್ದ ಚುನಾವಣೆ ಅದು.

ಮೊದಲು ತಯಾರಕರ ಬಗ್ಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಈ ಉದ್ಯಮ ಸ್ವಾತಂತ್ರ್ಯಾನಂತರ ಸರ್ಕಾರದ ಕೈಗೆ ಬಂದು, 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್ ಎಂಬ ಹೆಸರು ಪಡೆಯಿತು. ಮೈಸೂರಿನ ಹಳಬರ ಬಾಯಲ್ಲಿ ಅದು ಇಂದಿಗೂ ಮೈಲ್ಯಾಕ್. ಶಾಯಿಯ ಸೂತ್ರ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು. ಅದನ್ನು ತಯಾರಿಸುವ ಪರವಾನಗಿ 1962ರಲ್ಲಿ ಈ ಕಾರ್ಖಾನೆಗೆ ಸಿಕ್ಕಿತು. ಅಂದಿನಿಂದ ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆಗಳಿಗೆ ಶಾಯಿ ಹೋಗುವುದು ಇಲ್ಲಿಂದಲೇ.

ವಸ್ತುವಿನ ಗುಣಮಟ್ಟದ ಬಗ್ಗೆ ನನ್ನಲ್ಲಿ ಹೆಚ್ಚು ತಕರಾರಿಲ್ಲ. ಬೆಳಕು ತಾಗಬಾರದೆಂದು ಗಾಢ ಬಣ್ಣದ ಸೀಸೆಯಲ್ಲಿ ತುಂಬಿ ಕಳಿಸುವ ಈ ದ್ರವದ ಜೀವಾಳ ಸಿಲ್ವರ್ ನೈಟ್ರೇಟ್. ಅದು ಚರ್ಮದ ಮೇಲಿನ ಉಪ್ಪಿನ ಅಂಶದೊಂದಿಗೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದ ಹಾಗೆ ಕಪ್ಪಾಗುತ್ತದೆ. ಮತಗಟ್ಟೆಯಲ್ಲಿ ಹಚ್ಚಿದ ಕ್ಷಣದಲ್ಲಿ ನೇರಳೆಯಾಗಿ ಕಾಣುವ ಗೆರೆ, ಬಿಸಿಲಿನಲ್ಲಿ ಮನೆ ಸೇರುವಷ್ಟರಲ್ಲಿ ಕಂದುಗಪ್ಪಿಗೆ ತಿರುಗಿರುವುದನ್ನು ಗಮನವಿಟ್ಟು ನೋಡಿದವರೆಲ್ಲ ಬಲ್ಲರು. ಸೋಪು, ನಿಂಬೆಹಣ್ಣು, ಸೀಮೆಎಣ್ಣೆ ಯಾವುದಕ್ಕೂ ಅದು ಜಗ್ಗುವುದಿಲ್ಲ. ಚರ್ಮದ ಮೇಲಿನದು ಚರ್ಮ ಸವೆದ ಹಾಗೆ ಕೆಲವು ದಿನಗಳಲ್ಲಿ ಹೋಗುತ್ತದೆ, ಉಗುರಿನ ಬುಡದಲ್ಲಿ ಕೂತದ್ದು ಉಗುರು ಬೆಳೆದು ಕತ್ತರಿಗೆ ಸಿಗುವ ತನಕ ವಾರಗಟ್ಟಲೆ ಇರುತ್ತದೆ. ಹೀಗಾಗಿಯೇ 2006ರಲ್ಲಿ ಚುನಾವಣಾ ಆಯೋಗವು ಬರಿಯ ಚುಕ್ಕೆ ಸಾಲದು, ಎಡಗೈ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗೆಣ್ಣಿನ ಬುಡದವರೆಗೆ ಗೆರೆ ಎಳೆಯಬೇಕೆಂದು ಸೂಚಿಸಿತು.

ಹಚ್ಚುವ ವಿಧಾನದಲ್ಲೂ ಅಚ್ಚುಕಟ್ಟಿದೆ. ಸೀಸೆ ಉರುಳಬಾರದೆಂದು ಅದನ್ನು ಮರಳು ತುಂಬಿದ ಬಟ್ಟಲಿನಲ್ಲಿ ಹೂತಿಡುತ್ತಾರೆ. ಬೆರಳಿಗೆ ಎಣ್ಣೆಯೋ ಜಿಡ್ಡೋ ಸವರಿಕೊಂಡು ಬಂದವರಿದ್ದರೆ ಅಧಿಕಾರಿ ಮೊದಲು ಬಟ್ಟೆಯಿಂದ ಒರೆಸಿ ಆಮೇಲೆ ಹಚ್ಚಬೇಕು. ಶಾಯಿ ಹಚ್ಚಿದ ಮೇಲೆ ರಿಜಿಸ್ಟರಿನಲ್ಲಿ ಸಹಿ, ಅದಾದ ಮೇಲೆ ಮತಯಂತ್ರ. ಅಷ್ಟರಲ್ಲಿ ಒಣಗಲು ಬೇಕಾದ ಸಮಯ ತಾನಾಗಿಯೇ ಸಿಗುತ್ತದೆ, ಯಂತ್ರದ ಬಳಿ ಕೂತ ಅಧಿಕಾರಿ ಗುರುತು ಸರಿಯಾಗಿದೆಯೇ ಎಂದು ಮತ್ತೊಮ್ಮೆ ನೋಡುತ್ತಾರೆ. ಎಡಗೈ ತೋರುಬೆರಳು ಇಲ್ಲದವರಿಗೆ ಯಾವ ಬೆರಳು, ಎಡಗೈಯೇ ಇಲ್ಲದವರಿಗೆ ಎಲ್ಲಿ ಎಂಬುದನ್ನೂ 1961ರ ಚುನಾವಣಾ ನಿಯಮಗಳು ಬರೆದಿಟ್ಟಿವೆ. ಒಂದು ಹನಿ ಬಣ್ಣವನ್ನು ಸುತ್ತುವರಿದು ಇಷ್ಟೆಲ್ಲ ಕಟ್ಟಳೆಗಳಿರುವುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಈ ಉತ್ಪನ್ನದ ಅರ್ಧ ಗುಣ ಸೀಸೆಯ ಹೊರಗಿದೆ.

ಬೆಲೆಯ ವಿಚಾರ ಎರಡು ಮಾತಿನಲ್ಲಿ ಮುಗಿಯುತ್ತದೆ. 2024ರ ಲೋಕಸಭಾ ಚುನಾವಣೆಗೆ 26 ಲಕ್ಷಕ್ಕೂ ಹೆಚ್ಚು ಸೀಸೆಗಳು ಸುಮಾರು 55 ಕೋಟಿ ರೂಪಾಯಿಗೆ ಸರಬರಾಜಾದವು. 10 ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಜನರಿಗೆ ಸಾಕಾಗುತ್ತದೆಂದರೆ ತಲೆಗೆ ಬೀಳುವುದು ಸುಮಾರು 30 ಪೈಸೆ. ಕಳ್ಳವೋಟನ್ನು ಇದಕ್ಕಿಂತ ಅಗ್ಗವಾಗಿ ತಡೆಯುವ ಸಾಧನ ಇನ್ನೂ ಹುಟ್ಟಿಲ್ಲ. ಬಿಡಿಯಾಗಿ ಇದು ಯಾರಿಗೂ ಮಾರಾಟಕ್ಕಿಲ್ಲ, ಇರಲೂಬಾರದು. 2016ರ ನೋಟು ರದ್ದತಿಯ ವೇಳೆ ಬ್ಯಾಂಕಿನ ಸಾಲಿನಲ್ಲಿ ಮತ್ತೆ ಮತ್ತೆ ನಿಲ್ಲುವವರನ್ನು ಗುರುತಿಸಲು ಇದೇ ಶಾಯಿಯನ್ನು ಹೊರತೆಗೆದಾಗ, ಮತದಾನಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಿ ಎಂದು ಚುನಾವಣಾ ಆಯೋಗವೇ ಹಣಕಾಸು ಸಚಿವಾಲಯಕ್ಕೆ ಬರೆಯಬೇಕಾಯಿತು. ಜನರ ಮೈಮೇಲೆ ಗುರುತು ಹಾಕುವ ಸಾಧನವೊಂದು ಕೈಗೆ ಸಿಕ್ಕರೆ ಆಡಳಿತಕ್ಕೆ ಅದರ ಹೊಸ ಹೊಸ ಉಪಯೋಗಗಳು ಎಷ್ಟು ಬೇಗ ಹೊಳೆಯುತ್ತವೆ ಎಂಬುದಕ್ಕೆ ಇದು ಸಣ್ಣ ನಿದರ್ಶನ.

ಪೈಪೋಟಿಯಲ್ಲಿರುವ ಸರಕುಗಳ ಪೈಕಿ ಒಂದನ್ನು ಮಾತ್ರ ಹೆಸರಿಸುತ್ತೇನೆ. 1957ರಿಂದಲೂ ಒಂದೇ ಕೂಟದ ಆಡಳಿತದಲ್ಲಿದ್ದ ಮಲೇಷ್ಯಾ, 2008ರ ಚುನಾವಣೆಗೆಂದು ಭಾರತದಿಂದ ಶಾಯಿ ತರಿಸಿ, ಮತದಾನಕ್ಕೆ ನಾಲ್ಕು ದಿನವಿರುವಾಗ ಅದರ ಬಳಕೆಯನ್ನೇ ಕೈಬಿಟ್ಟಿತು. 2013ರಲ್ಲಿ ಅಲ್ಲಿ ಮೊದಲ ಬಾರಿಗೆ ಶಾಯಿ ಹಚ್ಚಿದಾಗ ಅದು ತೊಳೆದರೆ ಹೋಗುತ್ತಿತ್ತು. ಅದರಲ್ಲಿದ್ದದ್ದು ಆಹಾರಕ್ಕೆ ಬಳಸುವ ಬಣ್ಣವೆಂದು ಸಚಿವರೊಬ್ಬರು ಸಂಸತ್ತಿನಲ್ಲಿ ಹೇಳಿದರು. ಆ ಚುನಾವಣೆಯಲ್ಲಿ ಆಡಳಿತಾರೂಢ ಬಾರಿಸಾನ್ ನ್ಯಾಷನಲ್ ಶೇ 47ರಷ್ಟು ಮತ ಪಡೆದು 222ರಲ್ಲಿ 133 ಸ್ಥಾನ ಗಳಿಸಿತು. ಸೋತವರ ಅನುಮಾನಗಳಿಗೆ ಕಳಪೆ ಶಾಯಿಯೇ ಮೊದಲ ಸಾಕ್ಷಿಯಾಯಿತು. ಈ ಬಾಬತ್ತಿನಲ್ಲಿ ಮೈಸೂರಿನ ಸರಕು ಎಷ್ಟೋ ಮೇಲು.

ಇನ್ನು ನಮ್ಮಲ್ಲೇ, ಈ ಶಾಯಿ ಮೊದಲು ಬೆರಳಿಗೆ ಬಂದ 1962ರ ಮಹಾಚುನಾವಣೆಯೂ ಆಡಳಿತ ಪಕ್ಷ ಏಕಾಂಗಿಯಾಗಿ ಮೆರೆದ ಚುನಾವಣೆಯೇ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ. ಕಾಂಗ್ರೆಸ್ 494ರಲ್ಲಿ 361 ಸ್ಥಾನ ಪಡೆದಿತ್ತು. ಎರಡನೆಯ ಸ್ಥಾನದಲ್ಲಿದ್ದ ಕಮ್ಯುನಿಸ್ಟ್ ಪಕ್ಷಕ್ಕೆ 29, ರಾಜಾಜಿಯವರ ಸ್ವತಂತ್ರ ಪಕ್ಷಕ್ಕೆ 18. ಆದರೆ ಮತಗಳ ಲೆಕ್ಕದಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು ಶೇ 45ರಷ್ಟು ಮಾತ್ರ, ಉಳಿದವರು ಬೇರೆಯವರಿಗೆ ಮತ ಹಾಕಿದ್ದರು, ಹಾಕಲು ಬೇರೆಯವರಿದ್ದರು. ಐದು ವರ್ಷಗಳ ನಂತರ ಅದೇ ಶಾಯಿ ಹಚ್ಚಿಸಿಕೊಂಡ ಮತದಾರರು ಅದೇ ಪಕ್ಷವನ್ನು 520ರಲ್ಲಿ 283ಕ್ಕೆ ಇಳಿಸಿದರು. ಬಹುಮತ ದೊಡ್ಡದಾಗಿದ್ದ ಮಾತ್ರಕ್ಕೆ ಶಾಯಿಯ ಕೆಲಸ ಕೆಡುವುದಿಲ್ಲ ಎಂದು ಹೇಳಲು ಇಷ್ಟು ಸಾಕು.

ಕಾಂಬೋಡಿಯಾದಲ್ಲಿ ಕೆಟ್ಟದ್ದು ಬೇರೆ ಕಾರಣಕ್ಕೆ. ಮೈಸೂರಿನಿಂದ ಶಾಯಿ ತರಿಸಿಕೊಂಡ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳ ಪಟ್ಟಿಯಲ್ಲಿ ಆ ದೇಶವೂ ಇದೆ. ಅಲ್ಲಿ ಗೆರೆ ಎಳೆಯುವ ಪದ್ಧತಿಯಿಲ್ಲ. ಮತದಾರರೇ ಸೀಸೆಯೊಳಗೆ ಬೆರಳು ಅದ್ದುತ್ತಾರೆ, ಬೆರಳಿನ ತುದಿ ಪೂರ್ತಿ ಕಪ್ಪಾಗಿ ದೂರಕ್ಕೆ ಎದ್ದು ಕಾಣುತ್ತದೆ. 2013ರ ಚುನಾವಣೆಯಲ್ಲಿ ಅಲ್ಲಿನ ವಿರೋಧ ಪಕ್ಷದ ದೂರು ಶಾಯಿ ಸುಲಭವಾಗಿ ತೊಳೆದುಹೋಗುತ್ತದೆ ಎಂಬುದಾಗಿತ್ತು. ಮತದಾರರ ಪಟ್ಟಿಯಲ್ಲಿ ಎರಡೆರಡು ಹೆಸರುಗಳಿವೆ, ಶಾಯಿಯೂ ನಿಲ್ಲದಿದ್ದರೆ ಒಬ್ಬನೇ ಎರಡು ಸಲ ಮತ ಹಾಕಬಹುದು ಎಂಬ ಆತಂಕ ಅದು, ಮತ್ತು ಅದು ಆರೋಗ್ಯವಂತ ಚುನಾವಣೆಯ ಆತಂಕ. ಎರಡು ಪಕ್ಷಗಳ ನಡುವೆ ನಿಜವಾದ ಸೆಣಸಾಟವಿತ್ತು: ಪ್ರಧಾನಿ ಹುನ್ ಸೆನ್ ಅವರ ಕಾಂಬೋಡಿಯನ್ ಪೀಪಲ್ಸ್ ಪಾರ್ಟಿಗೆ 68 ಸ್ಥಾನ, ಸಾಮ್ ರೇನ್ಸಿ ಮತ್ತು ಕೆಮ್ ಸೊಖಾ ಕಟ್ಟಿದ ನ್ಯಾಷನಲ್ ರೆಸ್ಕ್ಯೂ ಪಾರ್ಟಿಗೆ 55. 1985ರಿಂದ ಪ್ರಧಾನಿಯಾಗಿದ್ದವರ ಕುರ್ಚಿ ಅಲ್ಲಾಡುವಷ್ಟು ಹತ್ತಿರದ ಫಲಿತಾಂಶ.

ಆ ಬಳಿಕ ನಡೆದದ್ದು ಮತಗಟ್ಟೆಯ ಹೊರಗೆ. 2017ರ ಜೂನ್‌ನ ಸ್ಥಳೀಯ ಚುನಾವಣೆಯಲ್ಲಿ ರೆಸ್ಕ್ಯೂ ಪಾರ್ಟಿ ಶೇ 44ರ ಹತ್ತಿರ ಮತ ಪಡೆಯಿತು. ಸೆಪ್ಟೆಂಬರ್ 3ರಂದು ಕೆಮ್ ಸೊಖಾ ದೇಶದ್ರೋಹದ ಆರೋಪದ ಮೇಲೆ ಬಂಧನಕ್ಕೊಳಗಾದರು. ಮರುದಿನವೇ, ಭಾರಿ ತೆರಿಗೆ ಬಾಕಿಯ ನೋಟಿಸು ಪಡೆದಿದ್ದ ಕಾಂಬೋಡಿಯಾ ಡೈಲಿ ಪತ್ರಿಕೆಯ ಕೊನೆಯ ಸಂಚಿಕೆ ಹೊರಬಂತು. ನವೆಂಬರ್ 16ರಂದು ಅಲ್ಲಿನ ಸುಪ್ರೀಂ ಕೋರ್ಟು ರೆಸ್ಕ್ಯೂ ಪಾರ್ಟಿಯನ್ನೇ ವಿಸರ್ಜಿಸಿ, ಅದರ 118 ಮಂದಿಯನ್ನು ಐದು ವರ್ಷ ರಾಜಕೀಯದಿಂದ ದೂರವಿಟ್ಟಿತು. ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ಚುನಾವಣೆಗೆ ಕೊಡುತ್ತಿದ್ದ ನೆರವನ್ನು ಹಿಂತೆಗೆದುಕೊಂಡವು, ಜಪಾನ್ ಮತಪೆಟ್ಟಿಗೆಗಳನ್ನು ಕೊಟ್ಟಿತು. ಹೀಗೆ 2018ರ ಜುಲೈ 29ರಂದು ಮತಪತ್ರದಲ್ಲಿ 20 ಪಕ್ಷಗಳ ಚಿಹ್ನೆಗಳಿದ್ದರೂ, ಸೋಲಿಸಬಲ್ಲ ಪಕ್ಷ ಒಂದೂ ಇರಲಿಲ್ಲ.

ಇಂಥ ಚುನಾವಣೆಯಲ್ಲಿ ಒಬ್ಬನೇ ಎರಡು ಸಲ ಮತ ಹಾಕುವ ಭಯ ಯಾರಿಗೆ? ಗೆಲ್ಲುವವರು ಗೊತ್ತಿರುವಾಗ ಕಳ್ಳವೋಟಿಗೆ ಕೆಲಸವಿಲ್ಲ. ಅಲ್ಲದೆ 2016ರಲ್ಲೇ ಮತದಾರರ ಪಟ್ಟಿಯನ್ನು ಹೊಸದಾಗಿ ಕಂಪ್ಯೂಟರಿಗೆ ಏರಿಸಲಾಗಿತ್ತು. ಎರಡೆರಡು ಹೆಸರುಗಳ ಹಳೆಯ ದೂರು ಬಹುಮಟ್ಟಿಗೆ ತೀರಿತ್ತು. ಉತ್ಪನ್ನ ವಿಮರ್ಶಕನ ಭಾಷೆಯಲ್ಲಿ ಹೇಳುವುದಾದರೆ, ಶಾಯಿ ಯಾವ ಕೆಲಸಕ್ಕೆ ತಯಾರಾಯಿತೋ ಆ ಕೆಲಸ ಅಲ್ಲಿ ಹೆಚ್ಚು ಉಳಿದಿರಲಿಲ್ಲ. ಆದರೂ ಆ ದಿನದ ಇಡೀ ರಾಜಕೀಯ ಅದರ ಸುತ್ತಲೇ ನಡೆಯಿತು. ವಿದೇಶದಲ್ಲಿದ್ದ ಸಾಮ್ ರೇನ್ಸಿ ಮತ್ತವರ ಸಂಗಡಿಗರು ಮತಗಟ್ಟೆಗೆ ಹೋಗಬೇಡಿ, ಬೆರಳನ್ನು ಶುಭ್ರವಾಗಿಟ್ಟುಕೊಳ್ಳಿ ಎಂದು ಕರೆ ಕೊಟ್ಟರು. ಕಪ್ಪಾಗದ ಬೆರಳಿನ ಚಿತ್ರಗಳು ಫೇಸ್‌ಬುಕ್‌ನಲ್ಲಿ ಓಡಾಡಿದವು. ಬಹಿಷ್ಕಾರಕ್ಕೆ ಕರೆ ಕೊಡುವುದೇ ಅಪರಾಧವೆಂದು ಚುನಾವಣಾ ಸಮಿತಿ ಎಚ್ಚರಿಸಿತು. ಮತದಾನಕ್ಕೆ ಮುಂಚೆ ಹಲವು ಸುದ್ದಿ ಜಾಲತಾಣಗಳನ್ನು ತಡೆಹಿಡಿಯಲಾಯಿತು. ತಖ್ಮೌ ಪಟ್ಟಣದಲ್ಲಿ ಮತ ಹಾಕಿದ ಹುನ್ ಸೆನ್ ಕಪ್ಪಾದ ಬೆರಳನ್ನು ಎತ್ತಿ ಕ್ಯಾಮೆರಾಗಳಿಗೆ ತೋರಿಸಿದರು.

ಒಂದೇ ಸೀಸೆಯ ಶಾಯಿ, ಕೆಲಸ ಮಾತ್ರ ತಿರುವುಮುರುವು. ಮೈಸೂರಿನ ಮತಗಟ್ಟೆಯಲ್ಲಿ ಅಧಿಕಾರಿ ನಿಮ್ಮ ಬೆರಳನ್ನು ನೋಡುವುದು ಗುರುತು ಇರಬಾರದೆಂದು, ಇದ್ದರೆ ನಿಮ್ಮನ್ನು ತಡೆಯಬೇಕೆಂದು. ಕಾಂಬೋಡಿಯಾದ ಹಳ್ಳಿಯಲ್ಲಿ, ಗಾರ್ಮೆಂಟ್ ಕಾರ್ಖಾನೆಯಲ್ಲಿ ನಿಮ್ಮ ಬೆರಳನ್ನು ನೋಡುವವರು ಗುರುತು ಇರಬೇಕೆಂದು ನೋಡುತ್ತಾರೆ. ಮತ ಹಾಕಲು ಊರಿಗೆ ಹೋಗಿಬರಲೆಂದು ಗಾರ್ಮೆಂಟ್ ಕೆಲಸಗಾರರಿಗೆ ರಜೆ ಕೊಟ್ಟಿದ್ದರು; ಹಿಂತಿರುಗಿ ಬಂದಾಗ ಬೆರಳು ಬೋಳಾಗಿದ್ದರೆ ಏನಾದೀತೋ ಎಂಬ ಹೆದರಿಕೆ ಅವರಲ್ಲಿತ್ತೆಂದು ಅಂದಿನ ವರದಿಗಳು ದಾಖಲಿಸಿವೆ. ಮತ ಹಾಕದವರಿಗೆ ಸರ್ಕಾರಿ ಸೌಲಭ್ಯಗಳು ತಪ್ಪಿಹೋಗಬಹುದೆಂದು ಸ್ಥಳೀಯ ಅಧಿಕಾರಿಗಳು ಬೆದರಿಸಿದರೆಂದು ಮಾನವ ಹಕ್ಕು ಸಂಘಟನೆಗಳು ದೂರಿದವು. ಮತದಾನ ಕಡ್ಡಾಯವೆಂದು ಯಾವ ಕಾನೂನೂ ಹೇಳದ ದೇಶದಲ್ಲಿ ಉಗುರಿನ ಬಣ್ಣವೇ ಆ ಕಾನೂನಿನ ಕೆಲಸ ಮಾಡಿತು. ಒಂದೇ ಸರಕು ಮಾರುವ ಅಂಗಡಿಗೆ ಹೋಗಿಬಂದದ್ದಕ್ಕೆ ಮೈಮೇಲೆಯೇ ಅಂಟಿಸಿ ಕಳಿಸುವ ರಸೀದಿಯಂತಾಯಿತು ಅದು. ನಮ್ಮಲ್ಲಿ ಮತದಾನದ ದಿನ ಸಂಜೆ ಬೆರಳು ತೋರಿಸಿ ಫೋಟೊ ಹಾಕಿಕೊಳ್ಳುವ ಉತ್ಸಾಹ, ಹೋಟೆಲುಗಳು ಕೊಡುವ ರಿಯಾಯಿತಿ ಇವೆಲ್ಲ ನಿರುಪದ್ರವಿ ಅನ್ನಿಸುವುದು, ತೋರಿಸದವರನ್ನು ಯಾರೂ ಕೇಳುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ಅಧಿಕೃತ ಲೆಕ್ಕದಂತೆ 2018ರಲ್ಲಿ ಶೇ 83ರಷ್ಟು ಮತದಾನವಾಯಿತು. ಆಡಳಿತ ಪಕ್ಷಕ್ಕೆ ಸುಮಾರು 48.9 ಲಕ್ಷ ಮತ, ಅಂದರೆ ಶೇ 77ರ ಹತ್ತಿರ. ಎರಡನೆಯದಾಗಿ ಬಂದ, ರಾಜಮನೆತನದ ಹಳೆಯ ಪಕ್ಷ ಫುನ್ಸಿನ್ಪೆಕ್‌ಗೆ ಸುಮಾರು 3.7 ಲಕ್ಷ. ಇವೆರಡರ ನಡುವೆ ಇನ್ನೊಂದು ಅಂಕಿ ಇದೆ, ನನ್ನ ದೃಷ್ಟಿಯಲ್ಲಿ ಇಡೀ ಚುನಾವಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಅಂಕಿ: ತಿರಸ್ಕೃತ ಮತಗಳು ಸುಮಾರು 5.9 ಲಕ್ಷ. ಹಿಂದಿನ ಚುನಾವಣೆಗೆ ಹೋಲಿಸಿದರೆ ಹಲವು ಪಟ್ಟು. ತಿರಸ್ಕೃತ ಮತಗಳನ್ನೇ ಒಂದು ಪಕ್ಷವೆಂದು ಎಣಿಸಿದ್ದರೆ ಅದು ಎರಡನೆಯ ಸ್ಥಾನದಲ್ಲಿರುತ್ತಿತ್ತು. ಇವರಲ್ಲಿ ಕೆಲವರು ತಪ್ಪಾಗಿ ಗುರುತು ಹಾಕಿದವರೂ ಇರಬಹುದು, ಎಲ್ಲ ಚುನಾವಣೆಗಳಲ್ಲೂ ಇರುತ್ತಾರೆ. ಆದರೆ ಇಷ್ಟೊಂದು ಜನ ಒಮ್ಮೆಗೇ ಗುರುತು ಹಾಕುವುದನ್ನು ಮರೆಯುವುದಿಲ್ಲ. ಸಾಲಿನಲ್ಲಿ ನಿಂತು, ಒಳಗೆ ಹೋಗಿ, ಮತಪತ್ರಕ್ಕೆ ಅಡ್ಡಗೆರೆ ಎಳೆದೋ ಖಾಲಿ ಬಿಟ್ಟೋ ಮಡಚಿ ಪೆಟ್ಟಿಗೆಗೆ ಹಾಕಿ, ಬೆರಳನ್ನು ಕಪ್ಪು ಮಾಡಿಕೊಂಡು ನಿರಾಳವಾಗಿ ಮನೆಗೆ ಹೋದವರು ಇವರು.

ಶಾಯಿಯ ಬಲಹೀನತೆಯೂ ಸೊಗಸೂ ಇಲ್ಲೇ ಇದೆ. ಬಂದವರು ಯಾರೆಂದು ಅದು ಹೇಳಬಲ್ಲದು, ಪರದೆಯ ಹಿಂದೆ ಏನು ಮಾಡಿದರೆಂದು ಹೇಳಲಾರದು. ಮತಪತ್ರದ ಗುಟ್ಟು ಉಳಿದಿರುವವರೆಗೆ ಬೆರಳಿನ ಗುರುತನ್ನು ಮೋಸಗೊಳಿಸುವ ದಾರಿ ಜನರಿಗೆ ಇದ್ದೇ ಇರುತ್ತದೆ. ಇದು ಆಳುವವರಿಗೂ ಅರ್ಥವಾಯಿತೆಂದು ಕಾಣುತ್ತದೆ. 2023ರ ಜುಲೈ 23ರ ಚುನಾವಣೆಗೆ ಮುನ್ನ, ಉಳಿದಿದ್ದ ಏಕೈಕ ಗಟ್ಟಿ ವಿರೋಧಿ ಕ್ಯಾಂಡಲ್‌ಲೈಟ್ ಪಾರ್ಟಿಯನ್ನು ನೋಂದಣಿಯ ಮೂಲ ದಾಖಲೆ ಒದಗಿಸಿಲ್ಲವೆಂಬ ಕಾರಣಕ್ಕೆ ಸ್ಪರ್ಧೆಯಿಂದ ಹೊರಗಿಟ್ಟರು. ಕಾನೂನಿಗೆ ತಿದ್ದುಪಡಿ ತಂದು, ಮತ ಹಾಕದವರು ಮುಂದೆ ಅಭ್ಯರ್ಥಿಯಾಗುವುದಕ್ಕೆ ಅಡ್ಡಿ ಒಡ್ಡಿದರು. ಮತಪತ್ರ ಕೆಡಿಸಿ ಎಂದು ಜನರಿಗೆ ಹೇಳುವುದನ್ನೂ ಶಿಕ್ಷಾರ್ಹ ಮಾಡಿದರು. ಆಡಳಿತ ಪಕ್ಷಕ್ಕೆ 120, ಫುನ್ಸಿನ್ಪೆಕ್‌ಗೆ 5 ಸ್ಥಾನ ಬಂದವು. ಮತದಾನವಾದ ಮೂರೇ ದಿನಕ್ಕೆ ಹುನ್ ಸೆನ್ ತಾವು ಇಳಿಯುವುದಾಗಿ ಘೋಷಿಸಿದರು, ಆಗಸ್ಟ್ 22ರಂದು ಮಗ ಹುನ್ ಮಾನೆಟ್ ಪ್ರಧಾನಿಯಾದರು. ಇಷ್ಟೆಲ್ಲ ಬಿಗಿಯ ನಡುವೆಯೂ ಕೆಟ್ಟ ಮತಪತ್ರಗಳು ಲಕ್ಷಗಟ್ಟಲೆ ಬಂದವು.

ಮತದಾನ ಮಾಡದಿರುವುದನ್ನು ಅಪರಾಧವಾಗಿಸದ, ವಿರೋಧ ಪಕ್ಷವಿರುವ, ಮತದಾರರ ಪಟ್ಟಿ ಅಷ್ಟೇನೂ ನೆಚ್ಚುವಂತಿಲ್ಲದ ದೇಶಕ್ಕೆ ಮೈಸೂರಿನ ಈ ಶಾಯಿಯನ್ನು ನಾನು ಕಣ್ಣು ಮುಚ್ಚಿ ಶಿಫಾರಸು ಮಾಡುತ್ತೇನೆ. ಐದಕ್ಕೆ ನಾಲ್ಕೂವರೆ ಅಂಕ. ಅರ್ಧ ಅಂಕ ಕಡಿಯುವುದು ಕಳೆದ ಕೆಲವು ಚುನಾವಣೆಗಳಲ್ಲಿ ಹಚ್ಚುವ ಕಡ್ಡಿ ಸಣ್ಣದಾಗಿ, ಅವಸರದಲ್ಲಿ ಗೆರೆ ತೆಳುವಾಗಿ, ಉಗುರಿನ ಬುಡಕ್ಕೆ ತಾಗದೆ ಹೋದದ್ದನ್ನು ನಾನೇ ಕಂಡಿರುವುದರಿಂದ. ಪಟ್ಟಿ ಚೆನ್ನಾಗಿದ್ದು ಸ್ಪರ್ಧೆಯೇ ಇಲ್ಲದ ದೇಶಕ್ಕೆ ಇದು ಬೇಕಾಗಿಲ್ಲ. ಅಂಥ ದೇಶದ ಚುನಾವಣಾ ಸಮಿತಿ ಸೀಸೆಗಳಿಗೆ ಆರ್ಡರು ಕೊಟ್ಟರೆ ಕಾರ್ಖಾನೆ ಒಲ್ಲೆ ಎನ್ನಲಿ ಎಂದು ನಾನು ಹೇಳುವುದಿಲ್ಲ. ಸರ್ಕಾರಿ ಕಂಪನಿಗೆ ಅದು ಆಗುವ ಮಾತೂ ಅಲ್ಲ, ಪಕ್ಷ ವಿಸರ್ಜಿಸಿದ್ದು ಶಾಯಿಯೂ ಅಲ್ಲ.

ಆದರೆ ಒಂದು ಸಲಹೆ ಕೊಡಬಹುದು. ಬೆರಳು ಅದ್ದುವ ಅಗಲ ಬಾಯಿಯ ಸೀಸೆ, ಬ್ರಷ್ಷು, ಪೆನ್ನು ಎಂದು ಖರೀದಿಸುವ ದೇಶದ ಇಷ್ಟಕ್ಕೆ ತಕ್ಕಂತೆ ಕಾರ್ಖಾನೆ ಬೇರೆ ಬೇರೆ ರೂಪದಲ್ಲಿ ಶಾಯಿ ತಯಾರಿಸುತ್ತದೆ. ಅದ್ದಿದ ಬೆರಳು ಬೀದಿಯ ಆಚೆ ಬದಿಯಿಂದಲೂ ಕಾಣುತ್ತದೆ. ಉಗುರಿನ ಮೇಲೆ ಎಳೆದ ಗೆರೆಯನ್ನು ನೋಡಬೇಕಾದರೆ ಮತಗಟ್ಟೆಯ ಅಧಿಕಾರಿಯಷ್ಟು ಹತ್ತಿರ ಬರಬೇಕು. ಎರಡೂ ಕಳ್ಳವೋಟನ್ನು ಸಮವಾಗಿಯೇ ತಡೆಯುತ್ತವೆ, ಅದ್ದುವುದಕ್ಕೆ ಶಾಯಿಯೂ ಹೆಚ್ಚು ಬೇಕು. ಹಾಗಿದ್ದಮೇಲೆ ಅದ್ದುವ ಸೀಸೆಯನ್ನು ಬೆಲೆಪಟ್ಟಿಯಿಂದಲೇ ತೆಗೆದುಹಾಕಿ, ವಿದೇಶಗಳಿಗೂ ಕಡ್ಡಿ ಅಥವಾ ಬ್ರಷ್ಷಿನ ಸೀಸೆಯನ್ನಷ್ಟೇ ಕಳಿಸುವುದು ಮೈಲ್ಯಾಕ್‌ಗೆ ಕಷ್ಟದ ಕೆಲಸವೇನಲ್ಲ.